ಅಳತೆ ಬರೆಯದ ಕೊಟೇಶನ್: ಮೈಸೂರಿನ ಒಂದು ಅಡುಗೆಮನೆ ನವೀಕರಣದ ಪ್ರಕರಣ

2024ರ ಆಗಸ್ಟ್ 11ರ ಭಾನುವಾರ ಬೆಳಿಗ್ಗೆ, ಮೈಸೂರಿನ ಕುವೆಂಪುನಗರದ ಒಂದು ಮನೆಯಲ್ಲಿ, ಬಾಗಿಲಿಲ್ಲದೆ ನಿಂತಿದ್ದ ಪ್ಲೈವುಡ್ ಡಬ್ಬಗಳ ಮುಂದೆ ಕುಳಿತು ನಾನು ಎರಡು ಹಾಳೆಗಳನ್ನು ಓದಿದೆ. ಮನೆಯ ಸೊಸೆ ಬರೆದ ಹಾಳೆಯ ಪ್ರಕಾರ ಗುತ್ತಿಗೆದಾರರು ಆವರೆಗೆ ಮಾಡಿದ ಕೆಲಸಕ್ಕಿಂತ 1,36,500 ರೂಪಾಯಿ ಹೆಚ್ಚು ಪಡೆದಿದ್ದರು. ಗುತ್ತಿಗೆದಾರರ ಹಾಳೆಯ ಪ್ರಕಾರ ಕೆಲಸ ಮುಗಿಸಲು ಮನೆಯವರೇ ಇನ್ನೂ 97,025 ರೂಪಾಯಿ ಕೊಡಬೇಕಿತ್ತು. ಎರಡು ಹಾಳೆಗಳನ್ನೂ ಎರಡೆರಡು ಬಾರಿ ಕೂಡಿ ಕಳೆದು ನೋಡಿದೆ, ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಂದೇ ಅಡುಗೆಮನೆಯಿಂದ, ಒಂದೇ ಕೊಟೇಶನ್ ಹಿಡಿದು, ಇಷ್ಟು ದೂರದ ಎರಡು ಸಂಖ್ಯೆಗಳು ಹೇಗೆ ಹುಟ್ಟಿದವು ಎಂಬುದೇ ಈ ಪ್ರಕರಣದ ವಿಷಯ.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಆ ಮನೆಯ ಯಜಮಾನರು ನನ್ನ ಸಹಪಾಠಿ. ಆದ್ದರಿಂದ ನಾನು ಪೂರ್ತಿ ತಟಸ್ಥನೆಂದು ಹೇಳಿಕೊಳ್ಳಲಾರೆ. ಆದರೆ ಗುತ್ತಿಗೆದಾರರು ನನ್ನ ಮಧ್ಯಸ್ಥಿಕೆಯನ್ನು ಒಪ್ಪಿದ್ದರು, ತಮ್ಮ ಕಡೆಯ ಕಷ್ಟವನ್ನೂ ಮುಚ್ಚಿಡದೆ ಹೇಳಿದ್ದರು. ಯಾರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ.

ಮನೆ, ಅಗತ್ಯ ಮತ್ತು ಆಷಾಢ

ಮೂವತ್ತು ನಲವತ್ತರ ನಿವೇಶನದಲ್ಲಿ 1996ರಲ್ಲಿ ಕಟ್ಟಿದ ಮನೆ. ಅಡುಗೆಮನೆ ಆಗ್ನೇಯ ಮೂಲೆಯಲ್ಲಿದೆ. ಒಳ ಅಳತೆ 11 ಅಡಿಗೆ 8 ಅಡಿ. ಕಟ್ಟೆ ಕಡಪ ಕಲ್ಲಿನದು, ನೆಲದಿಂದ 30 ಇಂಚು ಎತ್ತರ. ಗೋಡೆಯಲ್ಲಿ ಹುದುಗಿಸಿದ ಕಡಪ ಚಪ್ಪಡಿಗಳೇ ಶೆಲ್ಫು. ಅವಕ್ಕೆ ಬಾಗಿಲಿರಲಿಲ್ಲ, ಸೊಸೆ ಹೊಲಿದ ಪರದೆಗಳಿದ್ದವು. ಮಿಕ್ಸಿಗೆಂದು ಇದ್ದದ್ದು ಒಂದೇ ಪ್ಲಗ್ ಪಾಯಿಂಟ್, ಫ್ರಿಜ್ ಹಜಾರದಲ್ಲಿತ್ತು, ಗ್ರೈಂಡರ್ ತಿರುಗಿಸಬೇಕಾದರೆ ಮಿಕ್ಸಿಯನ್ನು ಕಳಚಬೇಕಿತ್ತು. ಸಿಂಕಿನ ಹಿಂದಿನ ಗೋಡೆ ಎರಡು ವರ್ಷಗಳಿಂದ ತೇವ ಹಿಡಿದು ಬಣ್ಣ ಉದುರಿಸುತ್ತಿತ್ತು. ಇಪ್ಪತ್ತೆಂಟು ವರ್ಷ ದುಡಿದ ಅಡುಗೆಮನೆಯನ್ನು ಬದಲಾಯಿಸಬೇಕೆಂಬ ನಿರ್ಧಾರದಲ್ಲಿ ಆಡಂಬರವೇನೂ ಇರಲಿಲ್ಲ.

ಅವಸರ ಮಾತ್ರ ಇತ್ತು. ಆ ವರ್ಷ ಆಷಾಢ ಜುಲೈ 6ಕ್ಕೆ ಆರಂಭವಾಗುತ್ತಿತ್ತು. ಆಷಾಢದಲ್ಲಿ ಮನೆಯ ಕೆಲಸಕ್ಕೆ ಕೈ ಹಚ್ಚಬಾರದೆಂದು ಎಪ್ಪತ್ತೆಂಟರ ಅಜ್ಜಿ ಪಟ್ಟು ಹಿಡಿದಿದ್ದರು, ಮೊದಲೇ ಹಿಡಿದ ಕೆಲಸ ಆಷಾಢದಲ್ಲಿ ನಡೆದರೆ ಅವರ ಆಕ್ಷೇಪವಿರಲಿಲ್ಲ. ಆಗಸ್ಟ್ 16ರ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಹೊಸ ಅಡುಗೆಮನೆಯಲ್ಲಿ ಹಾಲುಕ್ಕಿಸಬೇಕೆಂಬುದು ಸೊಸೆಯ ಆಸೆ. ಹೀಗಾಗಿ ಗುತ್ತಿಗೆದಾರರನ್ನು ಹುಡುಕಿ, ದರ ಕೇಳಿ, ಒಪ್ಪಂದ ಮಾಡಿಕೊಳ್ಳುವ ಇಡೀ ಕೆಲಸ ಮೇ ತಿಂಗಳ ಕೊನೆಯ ಹತ್ತು ದಿನಗಳಲ್ಲಿ ಮುಗಿಯಿತು. ಯಜಮಾನರಿಗೆ ಆಗಷ್ಟೇ ಮಂಡಿಯ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಅಂಗಡಿ ಅಂಗಡಿ ತಿರುಗುವವರು ಯಾರೂ ಇರಲಿಲ್ಲ. ಮುಂದೆ ನಡೆದ ಅನೇಕ ಸಂಗತಿಗಳ ಬೇರು ಈ ಹತ್ತು ದಿನಗಳಲ್ಲಿದೆ.

ಮೂರು ದರಗಳು

ಮೊದಲ ದರ ಮಾಡ್ಯುಲರ್ ಕಿಚನ್ ಮಳಿಗೆಯೊಂದರದು: 5,85,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 6,90,300. ಚಿತ್ರಗಳು ಅಂದವಾಗಿದ್ದವು, ಆದರೆ ಹಳೆಯದನ್ನು ಒಡೆಯುವುದು, ನಲ್ಲಿ, ವಿದ್ಯುತ್, ಟೈಲ್ಸ್ ಇವೆಲ್ಲ ಮನೆಯವರ ಪಾಲಿಗೇ ಬಿಟ್ಟಿದ್ದವು. ಎರಡನೆಯದು ಒಬ್ಬ ಬಡಗಿ ಮೇಸ್ತ್ರಿಯವರದು. ಸಾಮಾನು ಮನೆಯವರೇ ತರಬೇಕು, ಅವರದು ಚದರಡಿಗೆ 480 ರೂಪಾಯಿಯ ಕೂಲಿ ಮಾತ್ರ. ಮಂಡಿ ನೋವಿನ ಮನೆಗೆ ಅದು ಹೊಂದಲಿಲ್ಲ. ಮೂರನೆಯವರೇ ಈ ಪ್ರಕರಣದ ಗುತ್ತಿಗೆದಾರರು. ಹಿಂದಿನ ರಸ್ತೆಯ ಮನೆಯೊಂದರಲ್ಲಿ ಅವರು ಬಚ್ಚಲುಮನೆ ಮಾಡಿಕೊಟ್ಟಿದ್ದರು. ಸೊಸೆ ಅದನ್ನು ಹೋಗಿ ನೋಡಿ ಬಂದಿದ್ದರು, ಕೆಲಸ ಚೆನ್ನಾಗಿತ್ತು.

ಇಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ವಿಷಯವಿದೆ. ಬಚ್ಚಲುಮನೆಯ ಕೆಲಸವೆಂದರೆ ಮುಖ್ಯವಾಗಿ ಗಾರೆ, ಕೊಳಾಯಿ, ಟೈಲ್ಸ್. ಅಡುಗೆಮನೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೋಗುವುದು ಮರಗೆಲಸಕ್ಕೆ. ಈ ಗುತ್ತಿಗೆದಾರರು ಗಾರೆ ಕೆಲಸದಿಂದ ಮೇಲೆ ಬಂದವರು. ಮರಗೆಲಸವನ್ನು ರಾಜಸ್ಥಾನದ ಬಡಗಿಗಳ ತಂಡವೊಂದಕ್ಕೆ ಒಳಗುತ್ತಿಗೆ ಕೊಡುತ್ತಿದ್ದರು. ಸೊಸೆ ನೋಡಿ ಮೆಚ್ಚಿದ್ದು ಅವರ ಬಲವಾದ ಕೈಯನ್ನು, ಹಣದ ಬಹುಪಾಲು ಹೋದದ್ದು ಇನ್ನೊಂದು ಕೈಗೆ. ಅವರು ಮಾಡಿದ ಒಂದು ಅಡುಗೆಮನೆಯನ್ನು, ಅದೂ ಎರಡು ಮಳೆಗಾಲ ಕಂಡ ಅಡುಗೆಮನೆಯನ್ನು ತೋರಿಸಿ ಎಂದು ಕೇಳಿದ್ದರೆ ಆಗಲೇ ಇದು ತಿಳಿಯುತ್ತಿತ್ತು.

ಅವರು ಒಂದು ಗಂಟೆ ಸ್ಥಳ ನೋಡಿ ಹೋಗಿ, ಆ ರಾತ್ರಿಯೇ ವಾಟ್ಸಾಪ್‌ನಲ್ಲಿ ಒಂದು ಪುಟದ ಕೊಟೇಶನ್ ಕಳುಹಿಸಿದರು. ಒಡೆದು ಅವಶೇಷ ಸಾಗಿಸಲು 22,000, ಕೊಳಾಯಿ ಮತ್ತು ವಿದ್ಯುತ್ 48,000, ಟೈಲ್ಸ್ ಸಾಮಾನು ಸಹಿತ 46,000, ಕಪ್ಪು ಗ್ರಾನೈಟ್ ಕಟ್ಟೆ 38,000, ‘ಬಿಡಬ್ಲ್ಯುಪಿ ಪ್ಲೈ ಕಪಾಟು, ಚದರಡಿಗೆ 1,450, ಅಂದಾಜು 110 ಚದರಡಿ, ಬಿಲ್ಲು ನಿಜ ಅಳತೆಯಂತೆ’ ಎಂದು 1,59,500, ಹಿಂಜು, ಚಾನೆಲ್, ಬುಟ್ಟಿಗಳಿಗೆ 62,000, ಬಣ್ಣಕ್ಕೆ 14,500. ಒಟ್ಟು 3,90,000. ಅವಧಿ ನಲವತ್ತೈದು ದಿನ. ಹಣ ಮುಂಗಡ ಶೇ. 40, ಹದಿನೈದನೇ ದಿನ ಶೇ. 30, ಮೂವತ್ತನೇ ದಿನ ಶೇ. 25, ಕೊನೆಗೆ ಶೇ. 5.

ಇಲಾಖೆಯಲ್ಲಿ ಇಂಥ ಹಾಳೆಯನ್ನು ಗುಮಾಸ್ತರೇ ಹಿಂದಿರುಗಿಸುತ್ತಿದ್ದರು. ಮನೆಗಳಲ್ಲಿ ಹತ್ತಕ್ಕೆ ಒಂಬತ್ತು ಕೊಟೇಶನ್‌ಗಳು ಹೀಗೆಯೇ ಇರುತ್ತವೆ, ಮತ್ತು ಬಹಳಷ್ಟು ಕೆಲಸಗಳು ಜಗಳವಿಲ್ಲದೆ ಮುಗಿಯುತ್ತವೆ ಎಂಬುದನ್ನೂ ಹೇಳಬೇಕು. ಈ ಹಾಳೆಯಲ್ಲಿ ಮೂರು ಮಾತುಗಳು ಸಿಡಿಯಲು ಕಾದಿದ್ದವು: ‘ನಿಜ ಅಳತೆಯಂತೆ’ ಎಂದಿತ್ತೇ ಹೊರತು ಯಾವುದರ ಅಳತೆ ಎಂದಿರಲಿಲ್ಲ, ‘ಬಿಡಬ್ಲ್ಯುಪಿ’, ಅಂದರೆ ಕುದಿಯುವ ನೀರಿಗೂ ಅಂಟು ಬಿಡದ ಪ್ಲೈವುಡ್ ಎಂದಿತ್ತು, ಮಾನಕದ ಸಂಖ್ಯೆ ಇರಲಿಲ್ಲ, ಹಣ ಕ್ಯಾಲೆಂಡರನ್ನು ನೋಡಿಕೊಂಡು ನಡೆಯುತ್ತಿತ್ತು, ಕೆಲಸವನ್ನಲ್ಲ.

ಮೊದಲ ತಿಂಗಳು

ಜೂನ್ 10ರ ಸೋಮವಾರ ಒಡೆಯುವ ಕೆಲಸ ಆರಂಭವಾಯಿತು. ಎರಡನೇ ದಿನವೇ ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತುಕ್ಕು ಹಿಡಿದು ಬೆರಳಿಗೆ ಪುಡಿಯಾಗುವ ಸ್ಥಿತಿಯಲ್ಲಿರುವುದು ಕಂಡಿತು. ಗೋಡೆಯ ತೇವಕ್ಕೆ ಕಾರಣವೂ ಅದೇ. ಕಡಪ ಚಪ್ಪಡಿಗಳು ಗೋಡೆಯೊಳಕ್ಕೆ ಮೂರು ಇಂಚು ಹೊಕ್ಕಿದ್ದವು, ಆ ಗೋಡೆಯಾದರೋ ನಾಲ್ಕೂವರೆ ಇಂಚಿನದು. ಚಪ್ಪಡಿಗಳನ್ನು ಕಿತ್ತಾಗ ಆಚೆ ಬದಿಯ ದೇವರಮನೆಯ ಗಾರೆ ಹಾಳೆಹಾಳೆಯಾಗಿ ಕಳಚಿತು. ಯಜಮಾನಿತಿ ಗಾಬರಿಯಾದಾಗ ಗುತ್ತಿಗೆದಾರರು ‘ನೋಡ್ಕೊಳ್ಳೋಣ ಬಿಡಿ ಅಮ್ಮಾ’ ಎಂದರು.

ಈ ಒಂದು ಮಾತಿನ ಬೆಲೆ ಮುಂದೆ 18,500 ರೂಪಾಯಿ ಆಯಿತು. ನಮ್ಮ ಭಾಷೆಯಲ್ಲಿ ‘ನೋಡಿಕೊಳ್ಳೋಣ’ ಎಂದರೆ ನಿಮಗೆ ಚಿಂತೆ ಬೇಡ, ಅದು ನನ್ನ ಹೊಣೆ ಎಂಬ ಅರ್ಥವೂ ಇದೆ. ಈಗ ಮಾಡಿಬಿಡುತ್ತೇನೆ, ದುಡ್ಡಿನ ಮಾತು ಆಮೇಲೆ ಎಂಬ ಅರ್ಥವೂ ಇದೆ. ಯಜಮಾನಿತಿ ಮೊದಲನೆಯದನ್ನು ಕೇಳಿಸಿಕೊಂಡರು, ಗುತ್ತಿಗೆದಾರರು ಎರಡನೆಯದನ್ನು ಹೇಳಿದ್ದರು. ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿದ್ದೇನೆ, ಇಬ್ಬರೂ ಪ್ರಾಮಾಣಿಕವಾಗಿಯೇ ಹಾಗೆ ನಂಬಿದ್ದರು. ಚಿಮಣಿಗೆ ಗೋಡೆ ಕೊರೆದದ್ದು, ಎರಡು ಪ್ಲಗ್ ಪಾಯಿಂಟ್ ಹೆಚ್ಚಿಸಿದ್ದು ಇವುಗಳ ಕಥೆಯೂ ಹೀಗೆಯೇ, ಅವಕ್ಕೆ 9,000.

ಗಾರೆ ಮತ್ತು ಕೊಳಾಯಿ ಕೆಲಸ ಮಾತ್ರ ಮೆಚ್ಚುವಂತೆ ನಡೆಯಿತು. ದೇಶದ ನಗರಗಳಲ್ಲಿ ದುಡಿಯುವ ಕೊಳಾಯಿ ಕೆಲಸಗಾರರಲ್ಲಿ ಬಹಳ ಜನ ಒಡಿಶಾದ ಕೇಂದ್ರಾಪಾಡಾ ಜಿಲ್ಲೆಯವರು. ಇಲ್ಲಿ ಬಂದವನೂ ಅಲ್ಲಿಯವನೇ. ಹಳೆಯ ಜಿಐ ತೆಗೆದು ಬಿಸಿನೀರಿಗೂ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿದ ಮೇಲೆ, ತುದಿಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ಒತ್ತಡ ಕೊಟ್ಟು, ಮಾಪಕದ ಮುಳ್ಳು ಎಲ್ಲಿದೆಯೆಂದು ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಬರೆದಿಟ್ಟು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮುಳ್ಳು ಅಲ್ಲೇ ಇರುವುದನ್ನು ನೋಡಿದ ನಂತರವೇ ಗಾರೆ ಮುಚ್ಚಲು ಬಿಟ್ಟ. ಯಾರೂ ಹೇಳದೆ ಆತ ಮಾಡಿದ ಕೆಲಸ ಅದು. ಟೈಲ್ಸ್ ಹಾಕಿದ ಮೇಲೆ ಸೋರಿಕೆ ಕಂಡರೆ ಟೈಲ್ಸ್ ಒಡೆಯುವ ಖರ್ಚು ಪೈಪಿನ ಖರ್ಚಿನ ಹಲವು ಪಟ್ಟು. ವಿದ್ಯುತ್ ಕೆಲಸದಲ್ಲಿಯೂ ಓವನ್‌ಗೆ, ಮುಂದೆ ಬರಬಹುದಾದ ಪಾತ್ರೆ ತೊಳೆಯುವ ಯಂತ್ರಕ್ಕೆ 16 ಆಂಪಿಯರ್ ಪಾಯಿಂಟುಗಳನ್ನು ಬೇರೆ ಬೇರೆ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್ಚು) ಹಾಕಿ ಕೊಟ್ಟಿದ್ದರು. ಜೂನ್ ಕೊನೆಗೆ ಟೈಲ್ಸ್, ಜುಲೈ ಮೊದಲ ವಾರಕ್ಕೆ ಗ್ರಾನೈಟ್ ಮುಗಿದವು.

ಹಣವೂ ದಿನ ತಪ್ಪದೆ ಹೋಯಿತು: ಜೂನ್ 8ಕ್ಕೆ 1,56,000 ಬ್ಯಾಂಕ್ ಮೂಲಕ, ಜೂನ್ 25ಕ್ಕೆ 1,17,000 ನಗದಾಗಿ, ಜುಲೈ 10ಕ್ಕೆ 97,500 ಮತ್ತೆ ಬ್ಯಾಂಕ್ ಮೂಲಕ. ನಗದಿಗೆ ರಸೀದಿ ಇರಲಿಲ್ಲ. ಜುಲೈ 10ರ ಸಂಜೆಗೆ ಒಟ್ಟು 3,70,500, ಅಂದರೆ ಶೇ. 95ರಷ್ಟು ಹಣ ಗುತ್ತಿಗೆದಾರರ ಕೈ ಸೇರಿತ್ತು. ಅವರದೇ ಕೊಟೇಶನ್ ಹಿಡಿದು ನೋಡಿದರೆ ಆ ಸಂಜೆ ಆಗಿದ್ದ ಕೆಲಸ, ಕಪಾಟುಗಳನ್ನು ಅರ್ಧ ಆದವೆಂದು ಉದಾರವಾಗಿ ಎಣಿಸಿದರೂ, ಸುಮಾರು 2,34,000 ರೂಪಾಯಿಯದು. ಸೊಸೆಯ ಹಾಳೆಯಲ್ಲಿದ್ದ 1,36,500 ಹುಟ್ಟಿದ್ದು ಈ ಅಂತರದಿಂದ.

ಪ್ಲೈವುಡ್ಡಿನ ಮುದ್ರೆ

ಜುಲೈ 5ಕ್ಕೆ ಪ್ಲೈವುಡ್ ಬಂದಿತ್ತು. ಮೂರು ದಿನದ ಮೇಲೆ ಸೊಸೆ ಹಾಳೆಗಳ ಮೇಲಿನ ಐಎಸ್‌ಐ ಮುದ್ರೆಯನ್ನು ಓದಿದರು: ಐಎಸ್ 303 ಎಂದಿತ್ತು. ‘ಎರಡೂ ವಾಟರ್‌ಪ್ರೂಫೇ ಅಮ್ಮಾ, ಹೆಸರು ಬೇರೆ ಅಷ್ಟೆ’ ಎಂಬ ಉತ್ತರ ಬಂತು.

ಹೆಸರಷ್ಟೇ ಬೇರೆಯಲ್ಲ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನಕ. ಅದರಲ್ಲಿ ನೀರನ್ನು ತಕ್ಕಮಟ್ಟಿಗೆ ತಡೆಯುವ ಬಿಡಬ್ಲ್ಯುಆರ್ ದರ್ಜೆಯೂ ಸೇರುತ್ತದೆ. ಬಿಡಬ್ಲ್ಯುಪಿ ಅಥವಾ ಮರೀನ್ ಎಂದು ಕರೆಯುವುದಕ್ಕೆ ಐಎಸ್ 710 ಇದೆ. ಪರೀಕ್ಷೆಯಲ್ಲಿ ಬಿಡಬ್ಲ್ಯುಆರ್ ತುಂಡನ್ನು ಕುದಿಯುವ ನೀರಿನಲ್ಲಿ ಇಡುವುದು 8 ಗಂಟೆ, ಮರೀನ್ ತುಂಡನ್ನು 72 ಗಂಟೆ. ಅಷ್ಟಾದರೂ ಅಂಟು ಬಿಡಬಾರದು. ಮುದ್ರೆಯ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ಅದು ಅಸಲಿಯೇ ಎಂಬುದು ತಿಳಿಯುತ್ತದೆ. ಇಲ್ಲಿ ಮುದ್ರೆ ಅಸಲಿಯೇ ಆಗಿತ್ತು, ಕೊಟೇಶನ್‌ನಲ್ಲಿ ಹೇಳಿದ ಮಾಲು ಮಾತ್ರ ಅದಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಅಡುಗೆಮನೆಗೆಲ್ಲ ಮರೀನ್ ಪ್ಲೈ ಹಾಕಬೇಕೆಂಬುದು ಅಂಗಡಿಯವರು ಬೆಳೆಸಿದ ಹಟ. ಮೇಲಿನ ಕಪಾಟಿಗೆ, ಅಟ್ಟಕ್ಕೆ ನೀರು ತಾಕುವುದೇ ಇಲ್ಲ. ಅಲ್ಲಿ 303ರ ಒಳ್ಳೆಯ ಹಾಳೆ ಧಾರಾಳವಾಗಿ ಸಾಕು. ಸಿಂಕಿನ ಕೆಳಗೆ ಮತ್ತು ನೆಲ ಒರೆಸುವ ನೀರು ತಾಕುವ ಕೆಳಡಬ್ಬಗಳಿಗೆ 710 ಬೇಕು. ಆದರೆ ಗುತ್ತಿಗೆದಾರರು 303ರಲ್ಲಿ ಮೊದಲು ಮಾಡಿ ನಿಲ್ಲಿಸಿದ್ದೇ ಆ ಕೆಳಡಬ್ಬಗಳನ್ನು.

ಮೂವತ್ತೊಂದು ದಿನಗಳ ಮೌನ

ಜುಲೈ 12ರಿಂದ ಬಡಗಿಗಳು ಬರಲಿಲ್ಲ. ಮೊದಲ ವಾರ ‘ನಾಳೆ’, ಎರಡನೇ ವಾರ ‘ಲ್ಯಾಮಿನೇಟ್ ಸ್ಟಾಕ್ ಇಲ್ಲ’, ಮೂರನೇ ವಾರ ಫೋನ್ ಎತ್ತಲಿಲ್ಲ. ಮನೆಯವರು ಹಿತ್ತಲಿನ ಬಟ್ಟೆ ಒಗೆಯುವ ಜಾಗದಲ್ಲಿ ತಗಡು ಹೊದಿಸಿ ಅಡುಗೆ ಮಾಡುತ್ತಿದ್ದರು. ಆ ವರ್ಷ ಜುಲೈನಲ್ಲೇ ಕನ್ನಂಬಾಡಿ ಕಟ್ಟೆ ತುಂಬಿತ್ತು. ಅಂಥ ಮಳೆಯಲ್ಲಿ ಒಂದು ಒಲೆಯ ಮುಂದೆ ಐದು ಜನರ ಅಡುಗೆ, ಒಗೆಯುವ ಕಲ್ಲಿನ ಮೇಲೆ ಪಾತ್ರೆ. ಮಡಿಯ ಅಜ್ಜಿ ಹಿತ್ತಲಿನ ಅಡುಗೆ ಒಲ್ಲದೆ ಅವಲಕ್ಕಿ, ಹಣ್ಣಿನ ಮೇಲೆ ದಿನ ಕಳೆದರು. ಅಡುಗೆಮನೆ ನವೀಕರಣದ ಲೆಕ್ಕದಲ್ಲಿ ಈ ಖರ್ಚನ್ನು ಯಾರೂ ಬರೆಯುವುದಿಲ್ಲ. ನಲವತ್ತೈದು ದಿನಕ್ಕೆಂದು ಹೂಡಿದ ಬಿಡಾರದಲ್ಲಿ ಅವರು ನಾಲ್ಕು ತಿಂಗಳು ಕಳೆದರು.

ಗುತ್ತಿಗೆದಾರರ ಕಡೆಯ ಸಂಗತಿಯನ್ನು ಅವರೇ ನನಗೆ ಹೇಳಿದರು. ನಗರದ ಇನ್ನೊಂದು ಕಡೆ ಅವರು ಹಿಡಿದಿದ್ದ ಅಂಗಡಿಯ ಕೆಲಸದಲ್ಲಿ ದೊಡ್ಡ ಮೊತ್ತ ಬಾಕಿ ನಿಂತಿತ್ತು. ಈ ಮನೆಯ ಹಣದಲ್ಲಿ ಅಲ್ಲಿನ ಸಿಮೆಂಟು, ಕೂಲಿ ತೀರಿಸಿದ್ದರು. ಅಲ್ಲಿಂದ ಹಣ ಬಂದಾಗ ಇಲ್ಲಿ ಮುಗಿಸುವ ಎಣಿಕೆ. ಒಂದು ಸೈಟಿನ ದುಡ್ಡಲ್ಲಿ ಇನ್ನೊಂದು ಸೈಟು ನಡೆಸುವುದು ಸಣ್ಣ ಗುತ್ತಿಗೆದಾರರಲ್ಲಿ ವಾಡಿಕೆಯೇ ಆಗಿದೆ. ಬಡಗಿಗಳಿಗೆ ಶನಿವಾರದ ಬಟವಾಡೆ ಎರಡು ವಾರ ತಪ್ಪಿದ್ದರಿಂದ ಅವರು ಬಟವಾಡೆ ಸಿಗುವ ಕಡೆಗೆ ಹೋದರು. ಇದನ್ನು ನಾನು ವಂಚನೆ ಎನ್ನುವುದಿಲ್ಲ. ಆದರೆ ಶೇ. 95 ಹಣ ಬಂದುಬಿಟ್ಟ ಸೈಟಿನಲ್ಲಿ ಇನ್ನು ಸಿಗಬೇಕಾದದ್ದು 19,500. ಹಣ ಬಾಕಿಯಿರುವ ಸೈಟಿಗಿಂತ ಮೊದಲು ಅಲ್ಲಿಗೆ ಹೋಗಲು ಯಾವ ಗುತ್ತಿಗೆದಾರನಿಗೂ ಕಾರಣವಿರುವುದಿಲ್ಲ, ಆ ಕಾರಣವನ್ನು ಜುಲೈ 10ರಂದು ಮನೆಯವರೇ ಕೈಯಾರೆ ತೆಗೆದುಹಾಕಿದ್ದರು.

ಆಗಸ್ಟ್ ಮೊದಲ ವಾರ ಗುತ್ತಿಗೆದಾರರು ಬಂದು, ಪೂರ್ತಿ ಬಿಲ್ಲು ಇಷ್ಟಾಗುತ್ತದೆ, ಈಗ 50,000 ಕೊಟ್ಟರೆ ಬಡಗಿಗಳನ್ನು ಕರೆಸುತ್ತೇನೆ ಎಂದು ತಮ್ಮ ಹಾಳೆ ಕೊಟ್ಟರು. ಅಷ್ಟರಲ್ಲಿ ಸೊಸೆ ಲಾಯರ್ ನೋಟಿಸಿನ ಕರಡನ್ನು ಸಿದ್ಧಪಡಿಸಿದ್ದರು. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇಂಥ ದೂರನ್ನು ಜಿಲ್ಲಾ ಗ್ರಾಹಕ ಆಯೋಗ ಕೇಳುತ್ತದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಮೊದಲು ಸಲಹೆ ಪಡೆಯಬಹುದು. ದಾರಿ ಮುಚ್ಚಿರಲಿಲ್ಲ. ಆದರೆ ನಗದಿಗೆ ರಸೀದಿಯಿಲ್ಲ, ಅಳತೆಯ ಆಧಾರ ಬರಹದಲ್ಲಿಲ್ಲ, ತಡವಾದರೆ ಏನೆಂಬ ಷರತ್ತಿಲ್ಲ. ಆಯೋಗ ತೀರ್ಪು ಕೊಡುವವರೆಗೆ ಹಿತ್ತಲಿನ ಒಲೆಯೂ ಆರುವುದಿಲ್ಲ. ಮೊದಲು ಒಂದು ಬಾರಿ ಒಟ್ಟಿಗೆ ಅಳೆಯೋಣ ಎಂದು ನಾನು ಹೇಳಿದೆ.

ಜಂಟಿ ಅಳತೆ

ಇಲಾಖೆಯಲ್ಲಿ ಅಳತೆ ಪುಸ್ತಕವಿಲ್ಲದೆ ಬಿಲ್ಲಿಲ್ಲ. ಎಂಬಿ, ಅಂದರೆ ಈ ಅಳತೆ ಪುಸ್ತಕ, ಬರೆಯುವುದು ಎಂದರೆ ಆದ ಕೆಲಸವನ್ನು ಸ್ಥಳದಲ್ಲೇ ಅಳೆದು ಉದ್ದ, ಅಗಲ, ಎತ್ತರವನ್ನು ಸಾಲು ಸಾಲಾಗಿ ನಮೂದಿಸುವುದು. ಯಾವ ಕೆಲಸವನ್ನು ಹೇಗೆ ಅಳೆಯಬೇಕೆಂದು ಹೇಳಲು ಐಎಸ್ 1200 ಎಂಬ ಮಾನಕವೇ ಇದೆ. ಮನೆಯ ಕೆಲಸಕ್ಕೆ ಅಷ್ಟು ಶಾಸ್ತ್ರ ಬೇಡ. ಒಂದು ನೋಟ್‌ಬುಕ್, ಒಂದು ಟೇಪು ಸಾಕು. ಗುತ್ತಿಗೆದಾರರು ಟೇಪಿನ ಒಂದು ತುದಿ, ಸೊಸೆ ಇನ್ನೊಂದು ತುದಿ ಹಿಡಿದರು. ನಾನು ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದೆ; ಇಬ್ಬರೂ ತಮ್ಮ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಹತ್ತು ನಿಮಿಷದಲ್ಲಿ ಗುಟ್ಟು ಬಯಲಾಯಿತು. ಕಟ್ಟೆ ಎಲ್ ಆಕಾರದ್ದು, 11 ಅಡಿಯ ಗೋಡೆಗೂ 8 ಅಡಿಯ ಗೋಡೆಗೂ ಹೊಂದಿಕೊಂಡಿದೆ, ಆಳ ಎರಡು ಅಡಿ. ಗುತ್ತಿಗೆದಾರರು ಗೋಡೆಯನ್ನು ಅಳೆದಿದ್ದರು: 11 ಮತ್ತು 8 ಸೇರಿ 19 ಅಡಿ, ಎತ್ತರ 2.75 ಅಡಿ, ಅಂದರೆ 52.25 ಚದರಡಿ. ಸೊಸೆ ಕಣ್ಣಿಗೆ ಕಾಣುವ ಮುಂಭಾಗವನ್ನು ಅಳೆದಿದ್ದರು. ಮೂಲೆಯಲ್ಲಿ ಎರಡೂ ಕಡೆಯಿಂದ ಎರಡೆರಡು ಅಡಿ ಮರೆಯಾಗುವುದರಿಂದ 9 ಮತ್ತು 6 ಸೇರಿ 15 ಅಡಿ, ಅಂದರೆ 41.25 ಚದರಡಿ. ಮೇಲಿನ ಕಪಾಟಿನಲ್ಲಿ ಚಿಮಣಿಗೆ ಬಿಟ್ಟ ಎರಡೂವರೆ ಅಡಿಯ ಖಾಲಿ ಜಾಗವನ್ನು ಗುತ್ತಿಗೆದಾರರು ಸೇರಿಸಿದ್ದರು: 36.25, ಸೊಸೆ ಬಿಟ್ಟಿದ್ದರು: 30. ಅಟ್ಟ ಇಬ್ಬರಿಗೂ 28. ಉದ್ದ ಕಪಾಟಿಗೆ ಸೊಸೆಯ ಲೆಕ್ಕ ಮುಂಭಾಗದ 14. ಗುತ್ತಿಗೆದಾರರು ಹೊರಗೆ ಕಾಣುವ ಒಂದು ಪಕ್ಕವನ್ನೂ ಪೂರ್ತಿ ದರದಲ್ಲಿ ಸೇರಿಸಿ 28. ಒಟ್ಟು ಅವರದು 144.5, ಇವರದು 113.25. ವ್ಯತ್ಯಾಸದ 31.25 ಚದರಡಿಗೆ 1,450ರಂತೆ 45,312 ರೂಪಾಯಿ 50 ಪೈಸೆ. ಇದಕ್ಕೆ ‘ನೋಡಿಕೊಳ್ಳೋಣ’ದ 27,500 ಸೇರಿದಾಗಲೇ ಗುತ್ತಿಗೆದಾರರ ಹಾಳೆ ಅಷ್ಟು ಉದ್ದವಾದದ್ದು.

ಗೋಡೆಯ ಅಳತೆಯೂ ಈ ವ್ಯಾಪಾರದಲ್ಲಿ ಚಾಲ್ತಿಯಲ್ಲಿದೆ, ಮುಂಭಾಗದ ಅಳತೆಯೂ ಇದೆ, ಒಳಡಬ್ಬದ ಹಲಗೆಗಳನ್ನೆಲ್ಲ ಅಳೆಯುವವರೂ ಇದ್ದಾರೆ. ಯಾವುದೂ ಮೋಸವಲ್ಲ, ದರ ಅದಕ್ಕೆ ತಕ್ಕಂತೆ ಇದ್ದರೆ. ಮೂಲೆಯೊಳಗೂ ಡಬ್ಬವಿದೆ, ಅದಕ್ಕೂ ಮರ ಬೇಕು ಎಂಬ ಗುತ್ತಿಗೆದಾರರ ವಾದದಲ್ಲಿ ಹುರುಳಿತ್ತು. ಆದರೆ ಅವರೇ ಬರೆದ ‘ಅಂದಾಜು 110’ ಎಂಬ ಸಂಖ್ಯೆ ಗೋಡೆಯ ಅಳತೆಯಲ್ಲಿ ಹೇಗೂ ಬರುವುದಿಲ್ಲ, ಮುಂಭಾಗದ ಅಳತೆಯಲ್ಲಿ ಮಾತ್ರ ಹತ್ತಿರ ಬರುತ್ತದೆ. ಇದನ್ನು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆವತ್ತು ಮುಂದಿಂದಲೇ ಹಾಕಿದ್ದೆ ಅನ್ಸುತ್ತೆ ಸರ್’ ಎಂದರು.

ಅಟ್ಟದ ವಿಷಯದಲ್ಲಿ ಸೊಸೆಯೇ ಒಂದು ಅಂಶ ಎತ್ತಿದರು. ಅಟ್ಟದ ಕಾಂಕ್ರೀಟು ಮೊದಲೇ ಇತ್ತು. ಅಲ್ಲಿ ಡಬ್ಬ ಮಾಡಬೇಕಿಲ್ಲ, ಚೌಕಟ್ಟು ಮತ್ತು ಬಾಗಿಲು ಸಾಕು. ಅದಕ್ಕೆ ಪೂರ್ತಿ ದರ ಏಕೆ? ನನಗೂ ಹೊಳೆಯದ ಪ್ರಶ್ನೆ ಅದು.

ಮಧ್ಯಾಹ್ನ ಊಟದ ಹೊತ್ತಿಗೆ ಒಪ್ಪಿಗೆಯಾದದ್ದು ಹೀಗೆ. ಅಟ್ಟ ಬಿಟ್ಟು ಉಳಿದ 85.25 ಚದರಡಿಗೆ 1,450. ಅಟ್ಟದ 28ಕ್ಕೆ 900. ಉದ್ದ ಕಪಾಟಿನ ಪಕ್ಕದ 14 ಚದರಡಿ ಲ್ಯಾಮಿನೇಟ್ ಹೊದಿಕೆಗೆ 450. ಚಿಲ್ಲರೆ ಬಿಟ್ಟು 1,55,100. ಕೆಳಡಬ್ಬಗಳನ್ನು ಬಿಚ್ಚಿ ಐಎಸ್ 710ರಲ್ಲಿ ಮತ್ತೆ ಮಾಡುವುದು ಗುತ್ತಿಗೆದಾರರ ಖರ್ಚು. ಮೇಲಿನವಕ್ಕೆ 303 ನಡೆಯುತ್ತದೆ. ಇದಕ್ಕಾಗಿ ದರ ಇಳಿಸಿ ಎಂದು ಕೇಳಿದೆವು, ಅವರು ಒಪ್ಪಲಿಲ್ಲ, ನಾವು ಬಿಟ್ಟೆವು. ದೇವರಮನೆಯ ಗಾರೆ, ಪೈಪು, ಚಿಮಣಿ, ಪಾಯಿಂಟು ಎಲ್ಲ ಸೇರಿ ಕೇಳಿದ 27,500ಕ್ಕೆ 13,000. ಉಳಿದ ಬಾಬ್ತುಗಳು ಕೊಟೇಶನ್‌ನಲ್ಲಿದ್ದಂತೆ 2,30,500. ಒಟ್ಟು 3,98,600, ಕೊಟ್ಟದ್ದು 3,70,500, ಬಾಕಿ 28,100.

ಈ ಬಾಕಿಯನ್ನು ಯಾರ ಕೈಗೆ ಯಾವಾಗ ಕೊಡಬೇಕೆಂಬುದಕ್ಕೆ ಮೊತ್ತದಷ್ಟೇ ಸಮಯ ಹಿಡಿಯಿತು. ಕೆಲಸ ನಡೆದ ಪ್ರತಿ ಶನಿವಾರ 4,500ರಂತೆ ಐದು ಬಟವಾಡೆ, ಗುತ್ತಿಗೆದಾರರ ಎದುರಿನಲ್ಲೇ ಬಡಗಿಗಳ ಕೈಗೆ. ಉಳಿದ 5,600 ಕೆಲಸ ಮುಗಿದು ಮೂರು ತಿಂಗಳ ಮೇಲೆ. ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಕೊಟ್ಟಿದ್ದ ನಗದನ್ನೂ ಅದರಲ್ಲಿ ನಮೂದಿಸಿ, ಇಬ್ಬರೂ ಸಹಿ ಹಾಕಿದರು.

ನಂತರ

ಆಗಸ್ಟ್ 19ಕ್ಕೆ ಬಡಗಿಗಳು ಮರಳಿದರು. ವರಮಹಾಲಕ್ಷ್ಮಿಯ ಕಲಶ ಆಗಲೇ ಹಜಾರದಲ್ಲಿ ಕೂತು ಎದ್ದಿತ್ತು. ಗುತ್ತಿಗೆದಾರರು ಮರೀನ್ ಪ್ಲೈಯನ್ನು ತಮ್ಮ ಅಂಗಡಿಯಿಂದ ಸಾಲಕ್ಕೆ ತಂದರು. ಸೆಪ್ಟೆಂಬರ್ ನಡುವೆ ಹಿಂಜು, ಚಾನೆಲ್, ಬುಟ್ಟಿಗಳ ಸರದಿ ಬಂದಾಗ ಅಂಗಡಿಯವರು ಮತ್ತೆ ಸಾಲ ಕೊಡಲಿಲ್ಲ. ಕೆಲಸ ಮತ್ತೆ ನಿಲ್ಲುವ ಲಕ್ಷಣ ಕಂಡು ಮನೆಯವರು 21,400 ರೂಪಾಯಿಯ ಸಾಮಾನನ್ನು ತಾವೇ ಕೊಂಡು ತಂದರು. ಕೈಯಲ್ಲಿ ಉಳಿಸಿಕೊಂಡಿದ್ದ 5,600 ಇದಕ್ಕೆ ವಜಾ ಆಯಿತು. ಮಿಕ್ಕ 15,800 ವಾಪಸು ಬರಲಿಲ್ಲ, ಬರುವುದೂ ಇಲ್ಲ. ಕೊಟೇಶನ್‌ನಲ್ಲಿ 62,000ಕ್ಕೆ ಯಾವ ಸಾಮಾನು ಎಷ್ಟು ಎಂಬ ಪಟ್ಟಿ ಇದ್ದಿದ್ದರೆ ಆಗಸ್ಟ್ 11ರಂದೇ ಈ ಬಾಬ್ತನ್ನು ಪ್ರತ್ಯೇಕಿಸಿ ಮನೆಯವರ ಕೈಗೆ ಎಳೆದುಕೊಳ್ಳಬಹುದಿತ್ತು. ಆ ಬೆಳಿಗ್ಗೆ ಚದರಡಿಯ ಜಗಳದಲ್ಲಿ ನಾನು ಆ ಸಾಲನ್ನು ಓದಿ ಮುಂದೆ ಹೋಗಿದ್ದೆ. ತಪ್ಪು ನನ್ನದು.

ಕೊನೆಯ ವಾರ ಇನ್ನೊಂದು ತಿದ್ದುಪಡಿ ಆಯಿತು. ಗ್ಯಾಸ್ ಸಿಲಿಂಡರಿಗೆಂದು ಕಟ್ಟೆಯ ಕೆಳಗೆ ಪೂರ್ತಿ ಮುಚ್ಚಿದ ಕಪಾಟು ಮಾಡಿದ್ದರು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮುಚ್ಚಿದ ಕಪಾಟಿನ ತಳದಲ್ಲೇ ಕೂರುತ್ತದೆ. ಆ ಬಾಗಿಲನ್ನು ತೆಗೆಸಿ, ಕೆಳಗೂ ಮೇಲೂ ಗಾಳಿ ಆಡುವಂಥ ತೆರಪು ಪಟ್ಟಿಗಳ ಬಾಗಿಲು ಹಾಕಿಸಿದೆವು. ನೋಟಕ್ಕೆ ಅದೊಂದೇ ಬೇರೆಯಾಗಿ ಕಾಣುತ್ತದೆಂದು ಸೊಸೆಗೆ ಈಗಲೂ ಬೇಸರವಿದೆ.

ಅಕ್ಟೋಬರ್ 9ಕ್ಕೆ ಕೆಲಸ ಮುಗಿಯಿತು, ಆಯುಧಪೂಜೆಗೆ ಎರಡು ದಿನ ಮೊದಲು. ಶುರುವಾಗಿ 121 ದಿನ.

ಮುಗಿದ ಮೇಲೆ ತಿಳಿದ ಒಂದು ಸಂಗತಿ ಮೂರೂ ಕೊಟೇಶನ್‌ಗಳಲ್ಲಿ ಇರಲಿಲ್ಲ, ನನ್ನ ಅಳತೆ ಪುಸ್ತಕದಲ್ಲಿಯೂ ಇರಲಿಲ್ಲ. ಹೊಸ ಕಟ್ಟೆಯ ಎತ್ತರ 34 ಇಂಚು. ಸೊಸೆಗೆ ಅದು ಹೇಳಿ ಮಾಡಿಸಿದ ಹಾಗಿದೆ. ಅಜ್ಜಿಗೆ ಮೊಳಕೈ ಮೇಲೆತ್ತದೆ ಮೆಂತ್ಯ ಸೊಪ್ಪು ಬಿಡಿಸಲೂ ಆಗುವುದಿಲ್ಲ. ಬಡಗಿಯೊಬ್ಬ ನಿಂತುಕೊಳ್ಳಲು ಮಣೆ ಮಾಡಿಕೊಡುತ್ತೇನೆಂದ. ಆ ವಯಸ್ಸಿನವರು ಅಡುಗೆಮನೆಯಲ್ಲಿ ಮಣೆ ಹತ್ತಿ ಇಳಿಯುವುದು ಬೇಡವೆಂದು ನಾನು ತಡೆದೆ. ಬಿಚ್ಚಿ ಹಾಕಿದ್ದ ಕೆಳಡಬ್ಬಗಳ ಹಲಗೆಗಳು ಹಿತ್ತಲಿನಲ್ಲಿ ಒರಗಿದ್ದವು. ಅವುಗಳಿಂದಲೇ ಆತ ಒಂದು ಮಧ್ಯಾಹ್ನ 28 ಇಂಚಿನ ಮೇಜು ಮಾಡಿ ಕಿಟಕಿಯ ಪಕ್ಕ ಇಟ್ಟ. ಅಜ್ಜಿ ಕುರ್ಚಿ ಎಳೆದುಕೊಂಡು ಅದರ ಮೇಲೆ ತರಕಾರಿ ಹೆಚ್ಚುತ್ತಾರೆ. ಬಗ್ಗಿ ನೋಡಿದರೆ ಅಡಿಭಾಗದಲ್ಲಿ ಐಎಸ್ 303ರ ಮುದ್ರೆ ಇನ್ನೂ ಓದಲು ಬರುತ್ತದೆ.